ಲಘು, ಗುರು

ಬೀರುವಿನ ಹಿಂದಿನ ಸಾಕೆಟ್ಟು ಇಬ್ಬರ ಕೈಗೂ ನಿಲುಕದು.
ಸರಿಸೋಣವೆಂದರೆ ಅಮ್ಮ,
"ಬೀರು ಬಂದಮೇಲೆ ಬಾಗಿಲು ಇಟ್ಟದ್ದು, ಸರಿಸೋದೆಲ್ಲಿಗೆ?"

ಮೂಳೆ ನೋಯುವ ತನಕ ಕೋಲು ತೂರಿಸಿ
ಹೇಗೋ ಸಿಕ್ಕಿಸಿದೆ ರಿಮೋಟಿನ ಪ್ಲಗ್ಗು,
ದೊಡ್ಡ ಗಡಿಯಾರದ ಹತ್ತಿರದ ಅಂಗಡಿಯದು.
ತಿಂಗಳಾಗಲಿಲ್ಲ, ರಿಮೋಟಿನ ಎರಡನೇ ಗುಂಡಿ
ಒಳಗೇ ಕೂತುಬಿಟ್ಟಿತು.

ಲ್ಯಾಬಿನಲ್ಲಿ ಬಿಸಾಡಿದ್ದ ಬೋರ್ಡು ತಂದೆ,
ಇಸ್ಪೀಟೆಲೆಯಷ್ಟು ಅಗಲ.
ಗೇಣಿಗೆ ಎರಡು ಬೆರಳು ಕಮ್ಮಿ ತಂತಿ ಬೆಸೆದು,
ಕೂತ ಗುಂಡಿಯನ್ನು ಪಿನ್ನಿನಿಂದ ಮೀಟಿ,
ಅದು ಗಾಳಿಗೆ ಏನು ಹೇಳುತ್ತದೆಂದು ಬರೆದುಕೊಂಡೆ:
ಗಿಡ್ಡ ಗಿಡ್ಡ ಉದ್ದ, ಗಿಡ್ಡ ಉದ್ದ ಉದ್ದ...
ಒಟ್ಟು ಇಪ್ಪತ್ತನಾಲ್ಕು.

ಮೂವತ್ತೊಂದು ವರ್ಷ ಛಂದಸ್ಸು ಪಾಠ ಮಾಡಿದ ಅಮ್ಮ
ಕನ್ನಡಕ ಏರಿಸಿದಳು.
"ಯಾರ ಪದ್ಯವೇ ಇದು? ಪ್ರಸ್ತಾರ ಇದೆ, ಅಕ್ಷರವೇ ಇಲ್ಲ."
ಪ್ಲಗ್ಗಿನದು ಎಂದೆ.
ಪೆನ್ಸಿಲು ಕಿತ್ತುಕೊಂಡು ಮೂರಕ್ಕೊಂದು ಗೀಟು ಎಳೆದಳು.
"ಸಗಣ, ಯಗಣ... ಎಂಟು ಗಣ. ಯತಿ ಎಲ್ಲಿ?"

ಯತಿಯೂ ಇದೆ.
ಪ್ಲಗ್ಗು ಮರುಮಾತಾಡುವುದಿಲ್ಲ,
ಕೇಳಿಸಿತೋ ಇಲ್ಲವೋ ತಿಳಿಸದು.
ಅದಕ್ಕೇ ಬೋರ್ಡು ಹೇಳಿದ್ದನ್ನೇ ಹತ್ತು ಸಲ ಹೇಳುತ್ತದೆ,
ನಡುನಡುವೆ ಉಸಿರು ಬಿಟ್ಟು.

ಬೆಳಗಿನ ಐದೂ ಹತ್ತಕ್ಕೆ ನಿಗದಿ.
ಇಟ್ಟಿಗೆಗೂಡಿನಲ್ಲಿ ಆ ಹೊತ್ತಿಗೆ
ಝೂನ ಸಿಂಹ ಒಮ್ಮೆ ಗುಡುಗುವುದುಂಟು.
ಗುಡುಗು ಮುಗಿಯಿತು, ದೀಪ ಹತ್ತಿತು.
ನಮ್ಮದೊಂದೇ ಅಲ್ಲ,
ಪಕ್ಕದ ಲೂರ್ದಮ್ಮನ ಅಡುಗೆಮನೆ ಕಿಟಕಿಯೂ ಬೆಳಗಿತು.
ಒಂದೇ ಅಂಗಡಿ, ಒಂದೇ ಡಬ್ಬ, ಒಂದೇ ಬಾಯಿಪಾಠ.

ಸಂಪಿನ ಮೋಟಾರಿನ ಜಗಳವಾಗಿ
ಹೋದ ಯುಗಾದಿಯಿಂದ ಅವಳಿಗೂ ನಮಗೂ ಮಾತಿಲ್ಲ.
ಪ್ಲಗ್ಗಿನ ಬೆನ್ನಲ್ಲಿ ಅಕ್ಕಿಕಾಳಿನಂಥ ಸ್ವಿಚ್ಚುಗಳಿವೆ,
ಒಂದನ್ನು ಮೇಲೆತ್ತಿದರೆ ಸಾಕು, ಪಾಠ ಬೇರೆಯಾಗುತ್ತದೆ.
ಆದರೆ ಪ್ಲಗ್ಗು ಬೀರುವಿನ ಹಿಂದೆ.

ಎಂಟು ದಿನ ಹೀಗೇ ಎರಡೂ ಮನೆ ಹತ್ತಿದವು.
ಅವಳು ಬಂದು ಕೇಳಲಿಲ್ಲ.
ಆರಿಸಲೂ ಇಲ್ಲ.

ಒಂಬತ್ತನೇ ರಾತ್ರಿ ಕರೆಂಟು ಹೋಗಿ ಬಂತು.
ಬೋರ್ಡಿಗೆ ಸ್ವಂತ ಗಡಿಯಾರವಿಲ್ಲ,
ಹೊತ್ತು ಕೇಳಿಯೇ ತಿಳಿಯಬೇಕು. ಕೇಳೋಣವೆಂದರೆ ವೈಫೈ ಎದ್ದಿರಲಿಲ್ಲ.
ಐದೂ ಹತ್ತಾಯಿತು, ಸಿಂಹ ಗುಡುಗಿತು,
ಕತ್ತಲೆ ಕತ್ತಲೆಯಾಗಿಯೇ ಇತ್ತು.
ಕಾಲಲ್ಲಿ ಚಪ್ಪಲಿ ತಡಕುತ್ತಿದ್ದೆ,
ದೀಪ ಹತ್ತಿತು.

ಗೋಡೆಯಾಚೆ ಗುಂಡಿ ಒತ್ತಿದ ಸದ್ದು ಕೇಳಿಸಿತಂತೆ ಅಮ್ಮನಿಗೆ.
ಅಷ್ಟು ಸಣ್ಣದು ಕೇಳಿಸೀತೇ? ನಾನು ನಂಬಲಿಲ್ಲ.
"ಒಂದೇ ಸಲ," ಅಂದಳು, ಮಗ್ಗುಲಾಗುತ್ತ. "ಲಘು."