ಮೂರನೇ ಸಾಲಿನ ಕೈ

ನನ್ನ ಅಂಗೈ ನೋಡ್ರಿ.
ಹದಿನಾಲ್ಕು ವರ್ಷ ಶಹಾಬಾದಿನ ಖಣಿಯೊಳಗ
ಪರಸಿ ಎಬ್ಬಿಸಿದ ಅಂಗೈ ಇದು.
ರೇಖಿ ನೋಡಿ ಭವಿಷ್ಯ ಹೇಳಾವ್ರಿಗೆ
ಇದರಾಗ ಓದಲಿಕ್ಕ ಏನೂ ಉಳಿದಿಲ್ಲ.
ಬಡಿದ್ರ ಮಾತ್ರ
ಕಲ್ಲಿನ ಮ್ಯಾಲ ಕಲ್ಲು ಬಿದ್ದಂಗ ಸಪ್ಪಳ.

ಆ ಸಪ್ಪಳ ಕೇಳೇ ಅಂಬಣ್ಣ ನನ್ನ ಹಿಡಿದ.
ಕಂಪನಿ ಮ್ಯಾನೇಜರ್. ಸ್ಟೇಷನ್ ಹಿಂದಿನ ಬಯಲಾಗ
ತಗಡಿನ ಥೇಟರ್ ಹಾಕಿದ್ದ, ಎರಡು ತಿಂಗಳ ಕ್ಯಾಂಪು.
'ಮಶಾಕಸಾಬ, ನಿನಗ ಟಿಕೇಟ್ ಬ್ಯಾಡ.
ಮೂರನೇ ಸಾಲು, ನಡುವಿನ ಕುರ್ಚಿ.
ಆಟಕ್ಕ ನಲವತ್ತು ರೂಪಾಯಿ,
ಇಂಟರ್‌ವಲ್ಲಿಗೆ ಚಹಾ, ಎರಡು ಮಿರ್ಚಿ.
ಮಂದಿ ಕೈಯಾಗ ಚಪ್ಪಾಳಿ ಇರ್ತದ,
ಹೊರಗ ತೆಗಿಲಿಕ್ಕ ನಾಚ್ತಾರ.
ನೀ ಮೊದಲ ತೆಗಿ.'

ಹಿಂಗ ಕಲ್ತೆ.
ಕುಡುಕ ಮಾವ ಬಾಗಿಲಿಗೆ ತಲಿ ಬಡ್ಕೊಂಡಾಗ ನಗಬೇಕು,
ಅದೂ ಹೊಟ್ಟಿಯಿಂದ, ಗಂಟಲಿಂದಲ್ಲ.
ಸಾಹುಕಾರ ಸೊಸಿ ತುರುಬಿಗೆ ಕೈ ಹಾಕಿದಾಗ
ಹಲ್ಲು ಕಚ್ಚಿ 'ಥೂ' ಅನ್ನಬೇಕು, ಜೋರಲ್ಲ,
ಬಾಜೂಕಿನವಗ ಅಷ್ಟ ಕೇಳಂಗ.
ಉಳಿದದ್ದು ಅವನೇ ಮುಂದಿನ ಕುರ್ಚಿಗೆ ದಾಟಿಸ್ತಾನ.
ಮಡಿಗೆ ನೀರು ಬಿಟ್ಟಂಗ, ಒಂದು ತುಂಬಿದ್ರ
ಇನ್ನೊಂದಕ್ಕ ತಾನ ಹರೀತದ.

ಚಂಪಾಬಾಯಿದು ತಾಯಿ ಪಾರ್ಟು.
ಮಗ ರೈಲಿಗೆ ಸಿಕ್ಕ ಸುದ್ದಿ ಬರ್ತದ,
ಕೈಯಾಗಿನ ಮೊರ ಬಿಡ್ತಾಳ, ಜ್ವಾಳ ಚೆಲ್ಲತಾವ,
ಪೇಟಿ ಒಂದ ಕರಿಮನಿ ಹಿಡಿದು ಅಳ್ತದ,
ಆಗ ಅಂತಾಳ:
'ಬುತ್ತಿ ಬಿಸಿ ಅದ. ಯಾರು ಉಣ್ಣಾವ್ರು?'
ಅಲ್ಲಿ ನಂದು ಚಪ್ಪಾಳಿ.
ಇಪ್ಪತ್ತಾರು ರಾತ್ರಿ ತಪ್ಪಿಲ್ಲ.

ಇಪ್ಪತ್ತೇಳನೇ ರಾತ್ರಿ ಪೇಟಿ ಮಾಸ್ತರಗ ಜ್ವರ.
ಬರೇ ಜ್ವಾಳದ ಸಪ್ಪಳ ಕೇಳ್ತು,
ಹಲಗಿ ಸಂದಿಯೊಳಗ ಒಂದೊಂದ ಕಾಳು ಇಳಿಯಾದು.
'ಬುತ್ತಿ ಬಿಸಿ ಅದ' ಅಂದ್ಲು.
ನನ್ನ ಕೈ ತೊಡಿ ಮ್ಯಾಲ ಇದ್ದವು, ಅಲ್ಲೇ ಇದ್ದವು.
ಖಣಿ ದಂಡಿ ಕುಸಿದ ದಿನ
ನಮ್ಮಣ್ಣನ ಬುತ್ತಿ ಸಂಜಿ ತನ
ಬೇವಿನ ಟೊಂಗಿಗೆ ತೂಗ್ತಿತ್ತು.
ಅದನ್ನ ಯಾರು ಬಿಚ್ಚಿದ್ರೋ ಇವತ್ತಿಗೂ ಗೊತ್ತಿಲ್ಲ.
ತಗಡಿನ ಕೆಳಗ ಏಳನೂರು ಮಂದಿ,
ಒಬ್ಬರೂ ಕೆಮ್ಮಲಿಲ್ಲ.
ಹೆಂಗಸರ ಕಡಿಂದ ಒಂದು ಕೂಸು ಅತ್ತಿತು,
ಅದಕ್ಕ ಯಾರೂ ರೊಕ್ಕ ಕೊಟ್ಟಿದ್ದಿಲ್ಲ.

ಪರದಿ ಬಿದ್ದ ಮ್ಯಾಲ ಚಂಪಾಬಾಯಿ
ಅರ್ಧ ಬಣ್ಣ ಒರಸ್ಕೊಂಡ ಮಾರಿಲೇ ಬಂದು
'ಇವತ್ತ ನನಗ ಅಂಜಿಕಿ ಬಂತು' ಅಂದ್ಲು. ಅಷ್ಟ.
ಅಂಬಣ್ಣ ಇಪ್ಪತ್ತು ರೂಪಾಯಿ ಕಡಿದ.
ಮೂರು ದಿನದ ಮ್ಯಾಲ ಗಲ್ಲಾ ಎಣಿಸಿ ಕರೆದ:
'ಮಶಾಕ, ಅವತ್ತ ಹಂಗ ಮಾಡಿದ್ದು ಛಲೋ ಆತು,
ಊರೆಲ್ಲಾ ಅದೇ ಮಾತು.
ಇನ್ನ ದಿನಾ ಅಲ್ಲಿ ಸುಮ್ಮ ಕೂಡು.
ಪೇಟಿನೂ ಬ್ಯಾಡ.'
ಕ್ಯಾಂಪು ಮುಗಿಯಾ ತನ
ಸುಮ್ಮ ಕೂಡಾದಕ್ಕೂ ಪಗಾರ ತಗೊಂಡೆ.

ಅದೇ ಬಯಲಿಗೆ ಆಮ್ಯಾಲ ಇಲೆಕ್ಷನ್ ಬಂತು.
ಮೈಕಿನವ ಅಂಬಣ್ಣನ ಕಡಿಂದ ನನ್ನ ಹೆಸರು ತಂದಿದ್ದ.
ಇನ್ನೂರು ರೂಪಾಯಿ, ಪಲಾವ್ ಪೊಟ್ಟಣ.
ಸಾಹೇಬರು ನೀರು ಕುಡಿಲಿಕ್ಕ ನಿಂತ್ರ ಬಡಿ,
'ತಾಯಂದಿರೇ' ಅಂದ್ರ ಬಡಿ.
ಬಡಿದೆ. ಬಯಲೆಲ್ಲಾ ಬಡೀತು.
ಮನಿಗೆ ಬಂದ್ರ ಖಾಜಾಬಿ ಕೇಳಿದ್ಲು:
'ನಮ್ಮ ಗಲ್ಲಿಗೆ ನಳ ಕೊಡ್ತೀನಂದ್ರಾ? ಏನಂದ್ರು?'
ಪೊಟ್ಟಣ ಬಿಚ್ಚಿದೆ.
'ಜೋರ ಅಂದ್ರು' ಅಂದೆ.

ಈಗ ಮೊಮ್ಮಗಳು ತಬಸ್ಸುಮ
ಸಾಲಿ ಗ್ಯಾದರಿಂಗಿಗೆ ಪಾರ್ಟು ಕಲೀತಾಳ.
ಅಂಗಳದ ಪರಸಿ ಮ್ಯಾಲ ನಿಂತು ಹೇಳ್ತಾಳ,
ನಡುವ ಮರೀತಾಳ, ನಿಲ್ತಾಳ.
ನನ್ನ ಮಾರಿ ಅಲ್ಲ, ಕೈ ನೋಡ್ತಾಳ.
ಬಡೀಲೋ, ಸುಮ್ಮ ಕೂಡಲೋ,
ಎರಡಕ್ಕೂ ನಾ ರೊಕ್ಕ ತಗೊಂಡಾವ.
ಎರಡೂ ಕೈ ತೊಡಿ ಕೆಳಗ ಇಟ್ಕೊಂಡು ಕುಂತೀನಿ.
'ದಾದಾ' ಅಂತಾಳ.
'ಮುಂದೇನು?' ಅಂತೀನಿ.
ಖರೇನ ಗೊತ್ತಿಲ್ಲ ನನಗ,
ಮುಂದ ಏನದ ಅಂತ.