ಬೆಲ್ಟು ಹಾಕಬಾರದ ದಾರಿ

ಹೀಯುಮಾ ದ್ವೀಪದಿಂದ ಆಚೆ ದಡಕ್ಕೆ ಇಪ್ಪತ್ತಾರು ಕಿಲೋಮೀಟರು.
ಕಡಲು ಕಲ್ಲಾದ ವರ್ಷ ಅದರ ಮೇಲೇ ರಸ್ತೆ.
ಇಪ್ಪತ್ತೆರಡು ಚಳಿಗಾಲ ಆ ರಸ್ತೆ ಕಾದವನು ನಾನು.
ಬೆಳಕು ಹರಿಯುವ ಮುನ್ನ ಬೈರಿಗೆ ಹೊತ್ತು ಹೊರಟು
ಕೊರೆದು, ಅಳತೆಗೋಲು ಇಳಿಸಿ,
ಇಪ್ಪತ್ತಾರು ಸೆಂಟಿಮೀಟರು, ಇಪ್ಪತ್ತನಾಲ್ಕು, ಇಲ್ಲಿ ಹತ್ತೊಂಬತ್ತು,
ಬರೆದುಕೊಂಡು,
ಗೇಟು ತೆಗೆಯಬೇಕೋ ಮುಚ್ಚಬೇಕೋ ಹೇಳುತ್ತಿದ್ದವನು.

ಈಗ ಪಿರೆತ್ ನನ್ನ ತೋಳಿಗೆ ಸೂಜಿ ಇಳಿಸುತ್ತಾಳೆ
ತಿಂಗಳಿಗೊಮ್ಮೆ, ಟಾಲಿನ್ನಿನ ಆಸ್ಪತ್ರೆಯಲ್ಲಿ.
ಬಿಳಿಕಣ ಎರಡು ಪಾಯಿಂಟ್ ಒಂದು. ಪ್ಲೇಟ್‌ಲೆಟ್ಟು ತೊಂಬತ್ತು ಸಾವಿರ.
"ಈ ಸಲ ಹೋಗಬಹುದು, ಹೆಲ್ದುರ್" ಅನ್ನುತ್ತಾಳೆ,
ನಾನು ಲಾರಿಯವರಿಗೆ ಹೇಳುತ್ತಿದ್ದ ದನಿಯಲ್ಲೇ:
ಆಣೆಯಿಲ್ಲ, ಭಾಷೆಯಿಲ್ಲ,
ಇವತ್ತಿನ ದಪ್ಪ ಇಷ್ಟು. ಅಷ್ಟೆ.

ಇದು ಏಳನೆಯ ವರ್ಷ.
ಮೂಳೆಯೊಳಗೆ ಬಿಡಾರ ಹೂಡಿದ್ದನ್ನು ಒಕ್ಕಲೆಬ್ಬಿಸಲಾಗದು,
ಇನ್ನೊಂದು ಕೋಣೆಗೆ ಕೈಹಾಕದಂತೆ ನೋಡಿಕೊಳ್ಳಬಹುದು.
ಡಾಕ್ಟರು ಹೀಗೆ ಹೇಳಲಿಲ್ಲ. ನಾನು ಹೀಗೆ ಕೇಳಿಸಿಕೊಂಡೆ.
ಇಪ್ಪತ್ತೊಂದು ದಿನ ಮಾತ್ರೆ, ಏಳು ದಿನ ಬಿಡುವು,
ಬುಧವಾರ ಬುಧವಾರ ಸ್ಟೆರಾಯ್ಡು.
ಆ ರಾತ್ರಿ ಕಣ್ಣಿಗೆ ಕಣ್ಣು ಹತ್ತುವುದಿಲ್ಲ:
ಎರಡು ಗಂಟೆಗೆ ರೈ ಹಿಟ್ಟು ನಾದುತ್ತೇನೆ,
ನೆಲಮಾಳಿಗೆಗಿಳಿದು ಆಲೂಗಡ್ಡೆಯ ಮೊಳಕೆ ಮುರಿಯುತ್ತೇನೆ,
ಒಮ್ಮೆ ಏಣಿ ಹತ್ತಿ ಅಡುಗೆಮನೆಯ ಸೂರಿಗೆ ಸುಣ್ಣ ಬಳಿದೆ.
ವೈಕೆ ಎದ್ದು ಬಂದಳು, ನೋಡಿದಳು, ಏನೂ ಅನ್ನದೆ
ಏಣಿಯ ಕಾಲು ಹಿಡಿದು ನಿಂತಳು,
ನಿಂತಲ್ಲೇ ತೂಕಡಿಸಿದಳು.
ಗುರುವಾರ ನಾನು ಲೋಕೋದ್ಧಾರಕ,
ಶುಕ್ರವಾರ ಒದ್ದೆ ಗೋಣಿಚೀಲ.

ಅಂಗಾಲಿಗೆ ನೆಲದ ಸುದ್ದಿ ತಡವಾಗಿ ಮುಟ್ಟುತ್ತದೆ.
ಹೊಗೆಗೆ ಹಿಡಿದ ಮೀನು ತುಕ್ಕು ತುಕ್ಕು.
ಉಪ್ಪುನೀರಿನ ಸೌತೆ ಮಾತ್ರ
ಇನ್ನೂ ಸೌತೆಯೇ.

"ಯಾವಾಗ ಮುಗಿಯುತ್ತೆ ನಿನ್ನ ಔಷಧಿ?" ಲೆಂಬಿತ್ ಕೇಳಿದ, ಬೇಲಿಯಾಚೆಯಿಂದ.
ಒಳ್ಳೆಯವನು. ಏನು ಹೇಳಲಿ?
ಮುಗಿಯದಿರಲಿ ಎಂದೇ ನನ್ನ ಹರಕೆ;
ಮುಗಿಯಿತೆಂದರೆ ಅದರ ಕೈ ಸೋತಿತೆಂದು.
"ಸದ್ಯಕ್ಕಿಲ್ಲ" ಅಂದೆ.
ಅವನ ಮುಖ ಸಣ್ಣಗಾಯಿತು.
ಸೌದೆ ಒಟ್ಟುವುದನ್ನು ಬಿಟ್ಟು ನಾನೇ ಅವನನ್ನು ಸಮಾಧಾನಪಡಿಸಬೇಕಾಯಿತು.

ಆ ದಾರಿಗೊಂದು ಕಟ್ಟಳೆಯಿತ್ತು: ಸೀಟ್ ಬೆಲ್ಟು ಬಿಚ್ಚಬೇಕು.
ಬೇರೆಲ್ಲ ಕಡೆ ಕಾಯುವ ಪಟ್ಟಿ ಇಲ್ಲಿ ಮುಳುಗಿಸುತ್ತದೆ.
ಇನ್ನೊಂದು: ತೀರ ನಿಧಾನ ಹೋಗಿ, ಇಲ್ಲವೆ ತುಸು ಜೋರು;
ನಡುವಿನ ವೇಗಕ್ಕೆ ಅಡಿಯಲ್ಲಿ ಅಲೆಯೆದ್ದು
ಮಂಜುಗಡ್ಡೆಯನ್ನೇ ಸೀಳುತ್ತದೆ.
ಹೊಸಬರು ಗಾಜು ಇಳಿಸಿ ಕೇಳುವರು, ಕೆಳಗೆ ಎಷ್ಟು ಆಳ?
ಆಳ ಕೇಳಬೇಡಿ, ಎನ್ನುತ್ತಿದ್ದೆ.
ದಪ್ಪ ಕೇಳಿ.
ಎಷ್ಟು ಸಲೀಸಾಗಿ ಹೇಳುತ್ತಿದ್ದೆ!

ಮಾರ್ಚಿನಲ್ಲಿ ಮರ ಕೊಯ್ಯುವ ಗರಗಸ ಕೈಕೊಟ್ಟಿತು.
ಅಂಗಡಿಯಲ್ಲಿದ್ದವು ಎರಡು. ಒಂದಕ್ಕೆ ಎರಡು ವರ್ಷದ ಗ್ಯಾರಂಟಿ,
ಇನ್ನೊಂದಕ್ಕೆ ಐದು, ನೂರಮೂವತ್ತು ಯೂರೋ ಹೆಚ್ಚಿಗೆ.
ಅಂಗಡಿಯ ಹುಡುಗ ಕಾಯುತ್ತಿದ್ದ.
ವೈಕೆ ಅತ್ತ ತಿರುಗಿ
ಹೂಬೀಜದ ಪೊಟ್ಟಣ ಓದತೊಡಗಿದಳು,
ಒಂದೇ ಪೊಟ್ಟಣ, ಎರಡೆರಡು ಸಲ.
ಐದರದ್ದೇ ತಂದೆ. ಎದೆಗಾರಿಕೆ ಏನಲ್ಲ,
ಅದರ ಹಿಡಿ ಕಡಿಮೆ ನಡುಗುತ್ತಿತ್ತು, ಅಷ್ಟೆ.
ರಸೀದಿಯನ್ನು ಅವಳು ಎಲ್ಲಿಟ್ಟಳೋ ಕೇಳಿಲ್ಲ.

ಈ ವರ್ಷವೂ ಕಡಲು ಕಟ್ಟಲಿಲ್ಲ.
ಫೆರ್ರಿಯಲ್ಲೇ ಹೋಗುತ್ತೇವೆ. ನಾನು ಕೊರೆದ ತೂತುಗಳೆಲ್ಲ
ಈಗ ಬರೀ ನೀರು, ಅದರ ಮೇಲೆ ಬಾತುಗಳು.
ಆಚೆ ಇಳಿದು, ಡಾಂಬರು ರಸ್ತೆಗೆ ಬಂದ ಮೇಲೂ
ಒಂದೆರಡು ಕಿಲೋಮೀಟರು ನಾನು ಬೆಲ್ಟು ಹಾಕುವುದಿಲ್ಲ.
ಕಾರು ಟಿಂಗ್ ಟಿಂಗ್ ಎಂದು ಗೊಣಗುತ್ತದೆ.
"ಹೆಲ್ದುರ್, ಇದು ನೆಲ" ಅನ್ನುತ್ತಾಳೆ ವೈಕೆ, ಹೆಣಿಗೆಯಿಂದ ತಲೆಯೆತ್ತದೆ.

ಇರಬಹುದು.
ಹಾಕಿಕೊಳ್ಳುತ್ತೇನೆ.