ಹಿಂದಿನ ಸೀಟು

ಡೆಟ್ರಾಯಿಟಿನ ಪೂರ್ವಕ್ಕೆ, ಮೂರು ಮನೆಗೊಂದು ಮನೆ
ಹಲಗೆ ಬಡಿಸಿಕೊಂಡು ಕೂತ ಬೀದಿಯಲ್ಲಿ
ಒಝೆಲ್ಲಾ ಅಜ್ಜಿಯ ಸೂರಿನ ಮೇಲೆ
ನಾನು, ನನ್ನ ಏಣಿ, ತಟ್ಟೆಯಗಲದ ಒಂದು ಆಂಟೆನಾ.

ಕೆಳಗಿಂದ ಅಜ್ಜಿ ಕೂಗುತ್ತಾಳೆ:
"ಜಾರಿಬಿಟ್ಟೀಯೆ, ಆಮೇಲೆ ನಿನ್ನವ್ವನಿಗೆ ನಾನೇನು ಹೇಳಲಿ?"
ನನಗೆ ಅರವತ್ತೊಂದು. ಅವ್ವ ಹೋಗಿ ಹದಿನೈದು ವರ್ಷ.

ಮೊಮ್ಮಗಳು ಕಮಾರಿ, ಐದನೇ ಕ್ಲಾಸು.
ಎರಡು ಚಳಿಗಾಲ ಅವಳ ಸಂಜೆಯ ಶಾಲೆ
ಡೋನಟ್ ಅಂಗಡಿಯ ಗೋಡೆಗೆ ಒತ್ತಿ ನಿಲ್ಲಿಸಿದ
ಕಾರಿನ ಹಿಂದಿನ ಸೀಟು.
ಪಾಸ್‌ವರ್ಡು ಬಿಲ್ಲಿನ ಬೆನ್ನಿಗೆ, ದಿನಕ್ಕೊಂದು;
ಭಿನ್ನರಾಶಿ ಬೇಕಾದರೆ ಮೊದಲು ಡೋನಟ್ ಕೊಳ್ಳಬೇಕು.
ಪೆಟ್ರೋಲು ಉಳಿಯಲೆಂದು ಹೀಟರ್ ಆರಿಸಿ
ಅಜ್ಜಿ ಮುಂದೆ ಕೂತು
ಗಾಜಿಗೆ ಹತ್ತಿದ ಉಸಿರು ಒರೆಸುತ್ತಿದ್ದಳಂತೆ.

ಇಪ್ಪತ್ತೇಳು ವರ್ಷ ಟೆಲಿಫೋನ್ ಕಂಬ ಹತ್ತಿದವನು ನಾನು.
ಬಾಕಿ ಉಳಿಸಿಕೊಂಡ ಮನೆಗಳ ತಂತಿ ಕತ್ತರಿಸಲೂ ಹತ್ತಿದ್ದೇನೆ.
ಈ ಬೀದಿಯಲ್ಲೂ. ಅದನ್ನು ಅಜ್ಜಿಗೆ ಹೇಳಲಿಲ್ಲ.

ಚರ್ಚಿನ ಗೋಪುರದ ಕಡೆ ತಟ್ಟೆಯ ಮುಖ ತಿರುಗಿಸಿದೆ,
ಕೂದಲೆಳೆಯಷ್ಟು ಎಡಕ್ಕೆ, ಇನ್ನೊಂದೆಳೆ...
ಒಳಗೆ ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು.
"ಬಂತು!" ಎಂದು ಕಿರುಚಿದ್ದು ಅಜ್ಜಿ, ಮಗುವಲ್ಲ.

ಗುರುವಾರ ಮತ್ತೆ ಹೋದೆ, ಸ್ಕ್ರೂ ಬಿಗಿಮಾಡಲು.
ಒಳಗೆ ಟೀವಿ, ಅಳುವ ತಮ್ಮ, ಮೀನು ಕರಿಯುವ ಸದ್ದು.
ಕಮಾರಿ ಅಂಗಳದಲ್ಲಿ ನಿಂತ ಕಾರಿನೊಳಗೆ,
ಕಂಬಳಿ ಹೊದ್ದು, ಅದೇ ಸೀಟಿನಲ್ಲಿ.
"ಇಲ್ಲಾದರೆ ತಲೆಗೆ ಹತ್ತುತ್ತೆ," ಅಂದಳು, ಕಣ್ಣೆತ್ತದೆ.

ನನ್ನ ಫಾರಮ್ಮಿನಲ್ಲೊಂದು ಪ್ರಶ್ನೆ:
ಮನೆಯೊಳಗೆ ಎಲ್ಲಿಯವರೆಗೆ ಸಿಗ್ನಲ್ ಸಿಗುತ್ತಿದೆ?
ಬರೆದೆ: ಕಾರಿನ ತನಕ.